ಗಗನಚುಂಬಿ ಕಟ್ಟಡ: ಊರಿಗೆ ಬಂದಾಗಲೆಲ್ಲ ನನಗೆ ಬೀಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್, ಅಂದರೆ ಕಟ್ಟಡ ಗಟ್ಟಿಯಾಗಿ ನಿಲ್ಲುವ ಲೆಕ್ಕ ಹಾಕುವವಳು. ಕೆಲಸ ಮಿಶ್ರ ಬಳಕೆಯ ಎತ್ತರದ ಟವರುಗಳದ್ದು. ಮನೆ ಇರುವುದು ಕೊಡಗಿನ ಸುಂಟಿಕೊಪ್ಪದ ಹತ್ತಿರ. ಹುತ್ತರಿಗೆ ಬಂದರೂ, ಮದುವೆಗೆ ಬಂದರೂ, ಕಣದಲ್ಲಿ ಕಾಫಿ ಹರವುತ್ತಾ ನಿಂತಿದ್ದರೂ ಯಾರಾದರೂ ಒಬ್ಬರು ಶುರು ಮಾಡುತ್ತಾರೆ: "ಅಲ್ಲ ಮಾರಾಯ್ತಿ, ಅಷ್ಟೆತ್ತರ ಕಟ್ತೀರಲ್ಲ, ಬೀಳಲ್ವಾ?" ಒಂದೇ ಉತ್ತರವನ್ನು ಹತ್ತು ಸಲ ಹೇಳಿ ಬಾಯಿ ನೋವು ಬಂದಿದೆ. ಅದಕ್ಕೇ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಮಿಶ್ರ ಬಳಕೆಯ ಕಟ್ಟಡ ಅಂದರೆ ಏನು? ಕುಶಾಲನಗರದಲ್ಲೂ ಕೆಳಗೆ ಅಂಗಡಿ, ಮೇಲೆ ಮನೆ ಇದೆಯಲ್ಲ?

ಇದೆ. ವಿಷಯ ಅದೇ. ಪೇಟೆ ಬೀದಿಯಲ್ಲಿ ಕೆಳಗೆ ಬೇಕರಿ, ಮೇಲೆ ಓನರ್ ಮನೆ, ಪಕ್ಕದಲ್ಲೊಂದು ಕಿರಿದಾದ ಮೆಟ್ಟಿಲು. ಅದನ್ನೇ ಐವತ್ತು ಅರವತ್ತು ಮಹಡಿಗೆ ಎಳೆದರೆ ನಾವು ಕಟ್ಟುವ ಟವರ್. ಆದರೆ ಎಳೆದ ಕೂಡಲೇ ತೊಂದರೆಗಳೂ ಎಳೆದುಕೊಳ್ಳುತ್ತವೆ.

ಎತ್ತರದ ಕಟ್ಟಡಗಳ ಲೆಕ್ಕ ಇಡುವ ಅಂತಾರಾಷ್ಟ್ರೀಯ ಸಂಸ್ಥೆಯೊಂದು ಷಿಕಾಗೋದಲ್ಲಿದೆ. ಅವರ ಪ್ರಕಾರ ಎರಡು ಅಥವಾ ಹೆಚ್ಚು ಬಳಕೆ ಇರಬೇಕು, ಒಂದೊಂದೂ ಕಟ್ಟಡದ ಕನಿಷ್ಠ 15 ಶೇಕಡಾ ಆದರೂ ಹಿಡಿದಿರಬೇಕು. ಅಂದರೆ ನಲವತ್ತು ಮಹಡಿ ಆಫೀಸಿನ ಕೆಳಗೆ ಒಂದು ಜೆರಾಕ್ಸ್ ಅಂಗಡಿ ಇಟ್ಟರೆ ಮಿಶ್ರ ಬಳಕೆ ಆಗಲ್ಲ.

ದೊಡ್ಡ ಮಟ್ಟದಲ್ಲಿ ಇದನ್ನು ಸರಿಯಾಗಿ ಮಾಡಿ ತೋರಿಸಿದ್ದು ಷಿಕಾಗೋದ ಜಾನ್ ಹ್ಯಾನ್‌ಕಾಕ್ ಸೆಂಟರ್. 1969ರಲ್ಲಿ ಮುಗಿಯಿತು, 100 ಮಹಡಿ, 344 ಮೀಟರ್. ಕೆಳಗೆ ಅಂಗಡಿ, ಅದರ ಮೇಲೆ ಪಾರ್ಕಿಂಗ್, ಅದರ ಮೇಲೆ ಆಫೀಸು, 44ನೇ ಮಹಡಿಯಿಂದ ಮೇಲೆ ಮನೆಗಳು. 44ರಲ್ಲೇ ಒಂದು ಈಜುಕೊಳ ಕೂಡ ಇದೆ. ಅದರ ಇಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಢಾಕಾದಲ್ಲಿ ಹುಟ್ಟಿದವರು. ನಮ್ಮ ಕೆಲಸದಲ್ಲಿ ಈಗಲೂ ಪಾಠ ಶುರುವಾಗುವುದು ಅವರಿಂದಲೇ.

ಎಷ್ಟು ಎತ್ತರ ಇದ್ದರೆ ಗಗನಚುಂಬಿ ಅನ್ನಬಹುದು?

ಗೆರೆ ಎಳೆದು ಹೇಳುವಂಥ ಪದ ಅಲ್ಲ ಅದು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮುಟ್ಟಿದರೆ ಸಾಕು, ಹೈರೈಸ್ ಅನ್ನುತ್ತದೆ. ನಿಮ್ಮ ತೋಟದ ದೊಡ್ಡ ಸಿಲ್ವರ್ ಮರ ಅದಕ್ಕಿಂತ ಎತ್ತರ ಇರುತ್ತೆ! 50 ಮೀಟರ್ ದಾಟಿದ ಕಾಂಕ್ರೀಟ್ ಕಟ್ಟಡಗಳಿಗೆ ಬೇರೆ ಮಾನಕ ಇದೆ, ಐಎಸ್ 16700, 2017ರಲ್ಲಿ ಬಂತು, 250 ಮೀಟರ್‌ವರೆಗೆ ಅನ್ವಯ. ಜಗತ್ತಿನ ಲೆಕ್ಕದಲ್ಲಿ 300 ಮೀಟರ್ ದಾಟಿದರೆ ಸೂಪರ್‌ಟಾಲ್, 600 ದಾಟಿದರೆ ಮೆಗಾಟಾಲ್. ದುಬೈನ ಬುರ್ಜ್ ಖಲೀಫಾ 828.

ಯಾವುದು ಕೆಳಗೆ, ಯಾವುದು ಮೇಲೆ ಅಂತ ಹೇಗೆ ತೀರ್ಮಾನ ಮಾಡುತ್ತೀರಿ?

ಅಂಗಡಿ ಕೆಳಗೆ. ಇದರಲ್ಲಿ ಚರ್ಚೆಯೇ ಇಲ್ಲ, ಉಪ್ಪು ತರಲು ಯಾರೂ ಲಿಫ್ಟ್ ಹತ್ತಲ್ಲ. ಉಳಿದದ್ದಕ್ಕೆ ಜಗಳ ಇರುತ್ತೆ.

ಒಂದು ಕಾರಣ ಕಿಟಕಿ. ಮನೆ ಅಂದಮೇಲೆ ಪ್ರತಿ ಕೋಣೆಗೂ ಬೆಳಕು ಬೇಕು. ಹಾಗಾಗಿ ನಡುವಿನ ಲಿಫ್ಟ್ ಗೋಡೆಯಿಂದ ಹೊರಗಿನ ಗಾಜಿನವರೆಗೆ ಜಾಸ್ತಿ ದೂರ ಇರಬಾರದು, ಎಂಟು ಒಂಬತ್ತು ಮೀಟರ್ ಆದರೆ ಚೆನ್ನ. ಆಫೀಸಿಗೆ ಅಗಲವಾದ ಹಾಲ್ ಬೇಕು, ನಡುವೆ ಕೂತವರಿಗೆ ಟ್ಯೂಬ್‌ಲೈಟೇ ಗತಿ. ಹ್ಯಾನ್‌ಕಾಕ್ ಟವರ್ ಮೇಲೆ ಹೋಗ್ತಾ ಸಣ್ಣ ಆಗುವುದಕ್ಕೆ ಇದೇ ಒಂದು ಮುಖ್ಯ ಕಾರಣ: ಕೆಳಗೆ ಅಗಲ ಆಫೀಸಿಗೆ, ಮೇಲೆ ಸಣ್ಣದು ಮನೆಗೆ. ಲಂಡನ್ನಿನ ಶಾರ್ಡ್ ಕೂಡ ಹಾಗೇ, ಕೆಳಗೆ ಆಫೀಸು, ಆಮೇಲೆ ರೆಸ್ಟೋರೆಂಟು, ಆಮೇಲೆ ಹೋಟೆಲು, ಅದರ ಮೇಲೆ ಮನೆ, ತುದಿಯಲ್ಲಿ ಊರು ನೋಡುವ ಜಾಗ. ಬುರ್ಜ್ ಖಲೀಫಾ ಉಲ್ಟಾ. ಹೋಟೆಲ್ ಕೆಳಗೆ, ಮನೆಗಳು ನಡುವೆ, ತುದಿಯ ಸಣ್ಣ ಮಹಡಿಗಳಲ್ಲಿ ಆಫೀಸು. ಅಷ್ಟು ಮೇಲೆ ಹೋದರೆ ಮಹಡಿ ಎಷ್ಟು ಸಣ್ಣ ಆಗುತ್ತದೆ ಅಂದರೆ, ಒಂದು ಕಂಪನಿ ಒಂದಿಡೀ ಮಹಡಿ ತಗೊಳ್ಳಬಹುದು.

ಇನ್ನೊಂದು ಕಾರಣ ಗಡಿಯಾರ. ಆಫೀಸು ಬೆಳಗ್ಗೆ ಒಂಬತ್ತಕ್ಕೆ ತುಂಬಿ ಸಂಜೆ ಖಾಲಿ. ಮನೆ ಅದಕ್ಕೆ ಸರಿಯಾಗಿ ತಿರುಗುಮುರುಗು. ಹೋಟೆಲಿಗೆ ಹೊತ್ತುಗೊತ್ತು ಇಲ್ಲ, ರಾತ್ರಿ ಎರಡಕ್ಕೂ ಸೂಟ್‌ಕೇಸ್ ಎಳಕೊಂಡು ಬರುತ್ತಾರೆ. ಪಾರ್ಕಿಂಗ್, ಏಸಿ, ಕರೆಂಟು ಎಲ್ಲ ಹಂಚಿಕೊಂಡು ಉಳಿಸಬಹುದು ಅಂತ ಬಿಲ್ಡರ್‌ಗೆ ಆಸೆ ಹುಟ್ಟುವುದೇ ಇದರಿಂದ. ಆ ಆಸೆ ಪೂರ್ತಿ ಸುಳ್ಳಲ್ಲ. ಆದರೆ ನನಗೆ ಅನಿಸುವುದೇನೆಂದರೆ, ಉಳಿದದ್ದರಲ್ಲಿ ಅರ್ಧ ಈ ಮೂವರನ್ನು ಒಬ್ಬರಿಂದ ಒಬ್ಬರನ್ನು ದೂರ ಇಡುವುದಕ್ಕೇ ಖರ್ಚಾಗುತ್ತದೆ. ಬೇರೆ ಬಾಗಿಲು, ಬೇರೆ ಲಿಫ್ಟು, ಬೇರೆ ಕಸದ ದಾರಿ, ಬೇರೆ ಮೀಟರು.

ಕಂಬ ಮೇಲಿಂದ ಕೆಳಗೆ ನೇರ ಬರಬೇಕಲ್ವಾ? ಮೇಲೆ ಬೆಡ್‌ರೂಮು, ಕೆಳಗೆ ಮದುವೆ ಹಾಲ್ ಇದ್ದರೆ ಹೇಗೆ?

ಇದು ನಮ್ಮ ಮಾವ ಕೇಳಿದ ಪ್ರಶ್ನೆ. ಮೂವತ್ತು ವರ್ಷ ಗಾರೆ ಕೆಲಸ ಮಾಡಿಸಿದವರು. ಈ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಮನೆಗಳಿಗೆ ಹತ್ತಿರ ಹತ್ತಿರ ಗೋಡೆ, ಕಂಬ ಇದ್ದರೂ ನಡೆಯುತ್ತೆ. ಆಫೀಸಿಗೆ ಒಂಬತ್ತು ಹತ್ತು ಮೀಟರ್‌ಗೊಂದು ಕಂಬ. ಕಾರ್ ನಿಲ್ಲಿಸಲು ಎರಡು ಕಂಬದ ನಡುವೆ ಮೂರು ಕಾರು ಹಿಡಿಸಬೇಕು. ಹಾಲ್‌ನಲ್ಲಿ ಕಂಬವೇ ಬೇಡ, ಮದುಮಕ್ಕಳು ಕಾಣಬೇಕಲ್ಲ. ನಾಲ್ಕೂ ಒಂದರ ಮೇಲೊಂದು ಕೂತರೆ ಕಂಬಗಳ ಸಾಲು ಎಲ್ಲೋ ಒಂದು ಕಡೆ ಬದಲಾಗಲೇಬೇಕು. ಆ ಜಾಗಕ್ಕೆ ಟ್ರಾನ್ಸ್‌ಫರ್ ಮಹಡಿ ಅಂತೇವೆ. ಮೇಲಿನ ಇಪ್ಪತ್ತು ಮೂವತ್ತು ಮಹಡಿಯ ಭಾರವನ್ನು ದಪ್ಪ ಬೀಮುಗಳು ಹೊತ್ತು ಪಕ್ಕಕ್ಕೆ ಸರಿಸಿ ಕೆಳಗಿನ ಕಂಬಗಳಿಗೆ ಕೊಡುತ್ತವೆ. ಬೀಮ್ ಅಂದರೆ ಮನೆಯ ಬೀಮ್ ನೆನೆಸಿಕೊಳ್ಳಬೇಡಿ. ಇದು ಆಳುದ್ದ, ಕೆಲವು ಕಡೆ ಅದಕ್ಕಿಂತ ಜಾಸ್ತಿ. ಒಳಗೆ ಕಬ್ಬಿಣ ಎಷ್ಟು ಒತ್ತೊತ್ತಾಗಿರುತ್ತದೆ ಅಂದರೆ ಜಲ್ಲಿ ಇಳಿಯುತ್ತದೋ ಇಲ್ಲವೋ ಅಂತ ಮೊದಲೇ ಒಂದು ಮಾದರಿ ತುಂಡು ಹಾಕಿ ನೋಡುತ್ತೇವೆ.

ಇದೇ ಜಾಗದಲ್ಲಿ ಇನ್ನೊಂದು ಗಲಾಟೆ. ಮೇಲಿನ ಪ್ರತಿ ಮನೆಯ ಬಾತ್‌ರೂಮ್ ಪೈಪ್ ನೇರ ಕೆಳಗೆ ಬರುತ್ತದೆ, ಬಂದು ಈ ಬೀಮಿಗೆ ಢಿಕ್ಕಿ. ದಾಟಬೇಕಾದರೆ ಬೀಮಿನಲ್ಲಿ ತೂತು ಬೇಕು. ತೂತನ್ನು ಕಾಂಕ್ರೀಟ್ ಹಾಕುವ ಮೊದಲೇ ಪೈಪಿನ ತುಂಡು ಇಟ್ಟು ಬಿಡಬೇಕು, ಅದಕ್ಕೆ ಸ್ಲೀವ್ ಅಂತಾರೆ. ಎಲ್ಲಿ ಬೇಕಾದರೂ ಬಿಡುವ ಹಾಗಿಲ್ಲ, ಕಂಬದ ಹತ್ತಿರ ಅಂತೂ ಬಿಡಲೇಬಾರದು.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಸೈಟಿನ ಹೆಸರು ಬೇಡ. ರಾತ್ರಿ ಹನ್ನೊಂದಕ್ಕೆ ಟ್ರಾನ್ಸ್‌ಫರ್ ಬೀಮಿನ ಕಾಂಕ್ರೀಟ್ ಶುರುವಾಯಿತು, ಬೆಳಗ್ಗೆ ಏಳಕ್ಕೆ ಮುಗಿಯಿತು, ಎಲ್ಲರೂ ಚಹಾ ಕುಡಿದೆವು. ಹತ್ತು ಗಂಟೆಗೆ ಪ್ಲಂಬಿಂಗ್ ಹುಡುಗ ಬಂದು ನಕ್ಷೆ ಬಿಡಿಸಿ, "ಮೇಡಂ, ಇಲ್ಲಿ ಐದು ತೂತು ಬೇಕಿತ್ತು, ಮೂರೇ ಕಾಣ್ತಿದೆ" ಅಂದ. ನನ್ನ ಕೈಯಲ್ಲಿದ್ದದ್ದು ಹಳೇ ನಕ್ಷೆ. ಹೊಸದು ಮೂರು ದಿನ ಮೊದಲೇ ಬಂದಿತ್ತಂತೆ, ನನ್ನ ಕೈಗೆ ಬರಲಿಲ್ಲ, ನಾನೂ ಕೇಳಲಿಲ್ಲ. ಆ ಬೀಮನ್ನು ಆಮೇಲೆ ಕೊರೆಯುವಂತಿಲ್ಲ, ಒಳಗಿನ ಕಬ್ಬಿಣ ತುಂಡಾಗುತ್ತೆ. ಕೊನೆಗೆ ಆ ಎರಡು ಪೈಪನ್ನು ಸೂರಿನ ಕೆಳಗೆ ಅಡ್ಡ ಎಳೆದು ಬೇರೆ ದಾರಿಯಲ್ಲಿ ಇಳಿಸಬೇಕಾಯಿತು. ಅಡ್ಡ ಹೋಗುವ ಪೈಪಿಗೆ ಇಳಿಜಾರು ಬೇಕು, ಇಳಿಜಾರು ಕೊಟ್ಟರೆ ಕೆಳಗಿನ ಹಾಲ್‌ನ ಫಾಲ್ಸ್ ಸೀಲಿಂಗ್ ಅಷ್ಟು ಕೆಳಗೆ ಬರಬೇಕು. ಇವತ್ತಿಗೂ ಆ ಹಾಲ್‌ನ ಒಂದು ಮೂಲೆಯಲ್ಲಿ ಸೂರು ಒಂದಡಿ ತಗ್ಗಿದೆ. ಡಿಸೈನ್ ಅಂತ ಜನ ಅಂದುಕೊಂಡಿದ್ದಾರೆ.

ಇಷ್ಟು ಭಾರ ನೆಲ ಹೇಗೆ ತಡೆಯುತ್ತೆ?

ಬೆಂಗಳೂರಿನಲ್ಲಿ ಅನೇಕ ಕಡೆ ಕೆಂಪು ಮಣ್ಣಿನ ಕೆಳಗೆ ಗಟ್ಟಿ ಕಲ್ಲು ಸಿಗುತ್ತೆ. ಕಲ್ಲು ಸಿಕ್ಕಿದರೆ ನಮ್ಮ ಕೆಲಸ ಸಲೀಸು, ಅಗೆಯುವವನಿಗೆ ಕಷ್ಟ. ಸಿಗದಿದ್ದರೆ ಪೈಲ್, ಅಂದರೆ ನೆಲದೊಳಗೆ ಇಳಿಸಿದ ಕಾಂಕ್ರೀಟ್ ಕಂಬಗಳು.

ಬುರ್ಜ್ ಖಲೀಫಾ ನಿಂತಿರುವುದು ಮರಳುಗಾಡಿನಲ್ಲಿ, ಕೆಳಗಿರುವ ಕಲ್ಲು ಮೆದು. ಅಲ್ಲಿ 192 ಪೈಲ್ ಹಾಕಿದ್ದಾರೆ, ಒಂದೊಂದೂ ಒಂದೂವರೆ ಮೀಟರ್ ದಪ್ಪ, ಐವತ್ತು ಮೀಟರ್‌ಗೂ ಆಳಕ್ಕೆ. ಅವುಗಳ ತಲೆ ಮೇಲೆ 3.7 ಮೀಟರ್ ದಪ್ಪದ ಕಾಂಕ್ರೀಟ್ ಹಾಸು. ಆ ಪೈಲುಗಳು ತುದಿಯಲ್ಲಿ ನಿಂತಿರುವುದಕ್ಕಿಂತ ಜಾಸ್ತಿ ಮೈಯ ಉಜ್ಜಾಟದಿಂದ ಹಿಡಿದುಕೊಂಡಿವೆ. ಕೆಸರುಗದ್ದೆಯಲ್ಲಿ ಮೊಣಕಾಲುವರೆಗೆ ಹೂತ ಕಾಲು ಕಿತ್ತುಕೊಳ್ಳುವುದು ಎಷ್ಟು ಕಷ್ಟ, ನಾಟಿ ಮಾಡಿದವರಿಗೆ ಗೊತ್ತು. ಹಿಡಿತ ಬರುವುದು ಪಕ್ಕದಿಂದ.

ಎಡವಟ್ಟಾದ ಉದಾಹರಣೆಯೂ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಮಿಲೆನಿಯಂ ಟವರ್, 58 ಮಹಡಿ, 2009ರಲ್ಲಿ ಜನ ಬಂದರು. ಪೈಲುಗಳು ಗಟ್ಟಿ ಕಲ್ಲಿನವರೆಗೆ ಹೋಗದೆ ಮೇಲಿನ ಮರಳಿನ ಪದರದಲ್ಲೇ ನಿಂತಿದ್ದವು. ಕೆಳಗಿನ ಜೇಡಿ ಅದುಮಿಕೊಂಡು ಕಟ್ಟಡ ಸುಮಾರು 40 ಸೆಂಟಿಮೀಟರ್ ಕುಸಿಯಿತು, ಸಾಲದ್ದಕ್ಕೆ ಒಂದು ಕಡೆ ವಾಲಿತು. ಆಮೇಲೆ ಕಲ್ಲಿನವರೆಗೆ ಹೊಸ ಪೈಲ್ ಇಳಿಸಿ ಸರಿ ಮಾಡಬೇಕಾಯಿತು. ಸಮನಾಗಿ ಕುಸಿದರೆ ಅಷ್ಟು ಭಯ ಇಲ್ಲ. ಒಂದೇ ಕಡೆ ಕುಸಿಯುವುದು ಕೆಟ್ಟದ್ದು.

ಗಾಳಿಗೆ ಅಲ್ಲಾಡುತ್ತಾ?

ಅಲ್ಲಾಡುತ್ತೆ. ಅಲ್ಲಾಡಲೇಬೇಕು. ಆಟಿ ತಿಂಗಳಲ್ಲಿ ಮೆಣಸಿನ ಬಳ್ಳಿ ತುಂಬಿದ ಸಿಲ್ವರ್ ಮರ ನೋಡಿದ್ದೀರಲ್ಲ, ತುದಿ ಎಷ್ಟು ತೂಗುತ್ತದೆ, ಬುಡದಲ್ಲಿ ಕೈ ಇಟ್ಟರೆ ಏನೂ ಗೊತ್ತಾಗಲ್ಲ. ಹಾಗೇ ಇದೂ. ಇಂತಿಷ್ಟೇ ಬಾಗಬೇಕು ಅನ್ನುವ ಮಿತಿ ಇದೆ, ಸಾಮಾನ್ಯವಾಗಿ ಎತ್ತರದ ಐನೂರನೇ ಒಂದು ಭಾಗ. 200 ಮೀಟರ್ ಟವರ್‌ಗೆ ತುದಿಯಲ್ಲಿ 40 ಸೆಂಟಿಮೀಟರ್. ಅದೂ ಐವತ್ತು ವರ್ಷಕ್ಕೊಮ್ಮೆ ಬರುವಂಥ ಗಾಳಿಯ ಲೆಕ್ಕಕ್ಕೆ, ದಿನಾ ಅಲ್ಲ.

ಜನ ಅಂದುಕೊಳ್ಳುವುದು ಗಾಳಿ ಮುಂದಿನಿಂದ ದೂಡುತ್ತದೆ ಅಂತ. ಎತ್ತರದ ಕಟ್ಟಡಕ್ಕೆ ಅದಕ್ಕಿಂತ ಕಾಟ ಕೊಡುವುದು ಪಕ್ಕದ ಎಳೆತ. ಗಾಳಿ ಎರಡೂ ಬದಿ ದಾಟಿ ಹೋಗುವಾಗ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸುಳಿ ಬಿಡುತ್ತದೆ. ಹೊಳೆಯಲ್ಲಿ ನೆಟ್ಟ ಕೋಲಿನ ಹಿಂದೆ ನೀರು ಸುಳಿ ಬಿಡುವುದನ್ನು ನೋಡಿ, ಅದೇ. ಆ ಸುಳಿಯ ತಾಳವೂ ಕಟ್ಟಡ ತೂಗುವ ತಾಳವೂ ಒಂದಾದರೆ ಉಯ್ಯಾಲೆಗೆ ಸರಿಯಾದ ಹೊತ್ತಿಗೆ ಕೈ ಕೊಟ್ಟ ಹಾಗೆ, ತೂಗಾಟ ಏರುತ್ತಾ ಹೋಗುತ್ತದೆ. ಅದಕ್ಕೇ ಕಟ್ಟಡದ ಆಕಾರವನ್ನು ಮೇಲೆ ಹೋದಂತೆ ಬದಲಾಯಿಸುತ್ತಾರೆ. ಬುರ್ಜ್ ಖಲೀಫಾ ಮೂರು ರೆಕ್ಕೆಯದ್ದು, ಮೇಲೆ ಹೋಗ್ತಾ ಒಂದೊಂದೇ ರೆಕ್ಕೆ ಮೆಟ್ಟಿಲಿನಂತೆ ಹಿಂದೆ ಸರಿಯುತ್ತದೆ. ಒಂದೊಂದು ಎತ್ತರದಲ್ಲಿ ಒಂದೊಂದು ಆಕಾರ ಆದ್ದರಿಂದ ಸುಳಿಗಳು ಒಟ್ಟಾಗಿ ಒಂದು ತಾಳ ಹಿಡಿಯಲು ಆಗಲ್ಲ. ಶಾಂಘೈ ಟವರ್ ಮೈಯನ್ನೇ ತಿರುಚಿಕೊಂಡು ನಿಂತಿದೆ, 632 ಮೀಟರ್.

ತೈಪೆಯಲ್ಲಿ ಬೇರೆ ಉಪಾಯ. ತೈಪೆ 101ರ 92ನೇ ಮಹಡಿಯಿಂದ 87ರವರೆಗೆ 660 ಟನ್ನಿನ ಉಕ್ಕಿನ ಗುಂಡು ನೇತು ಹಾಕಿದ್ದಾರೆ. ಕಟ್ಟಡ ಆ ಕಡೆ ಹೋದರೆ ಗುಂಡು ಹಿಂದೆ ಬೀಳುತ್ತದೆ, ಹೀಗೆ ತೂಗಾಟದ ಜೋರು ಕಮ್ಮಿ ಆಗುತ್ತದೆ. ಇದೆಲ್ಲ ಬೀಳಬಾರದು ಅಂತ ಅಲ್ಲ. ಬೀಳದ ಹಾಗೆ ಮಾಡುವುದು ಸುಲಭವೇ. ಮೇಲಿದ್ದವರಿಗೆ ವಾಂತಿ ಬರದ ಹಾಗೆ ಮಾಡುವುದು ಕಷ್ಟ. ಆಫೀಸಿನವರು ಸ್ವಲ್ಪ ತೂಗಿದರೂ ಸಹಿಸುತ್ತಾರೆ, ಮಲಗಿದವರಿಗೆ ಬೇಗ ಗೊತ್ತಾಗುತ್ತೆ. ಮನೆಗೆ ಇಟ್ಟಿರುವ ಮಿತಿ ಆಫೀಸಿಗಿಂತ ಬಿಗಿ. ಮಿಶ್ರ ಟವರಿನಲ್ಲಿ ಮನೆಯನ್ನು ತುದಿಗೆ ಇಟ್ಟರೆ, ಜಾಸ್ತಿ ತೂಗುವ ಜಾಗದಲ್ಲೇ ಜಾಸ್ತಿ ಸೂಕ್ಷ್ಮದವರು ಇರುತ್ತಾರೆ. ನೋಟ ಚೆನ್ನಾಗಿದೆ ಅಂತ ದುಡ್ಡು ಜಾಸ್ತಿ ಕೊಟ್ಟವರೂ ಅವರೇ.

ಭೂಕಂಪ ಬಂದರೆ?

ಎತ್ತರದ ಕಟ್ಟಡ ನಿಧಾನವಾಗಿ ತೂಗುತ್ತದೆ, ನೆಲ ಬೇಗ ಬೇಗ ನಡುಗುತ್ತದೆ, ಎರಡರ ತಾಳ ಬೇರೆ. ಹಾಗಾಗಿ ಬೆಂಗಳೂರಿನಂಥ ಕಡೆ ತುಂಬಾ ಎತ್ತರದ್ದಕ್ಕೆ ಭೂಕಂಪಕ್ಕಿಂತ ಗಾಳಿಯೇ ದೊಡ್ಡ ಲೆಕ್ಕ. ನನಗೆ ಜಾಸ್ತಿ ಹೆದರಿಕೆ ನಾಲ್ಕೈದು ಮಹಡಿಯ ಅಪಾರ್ಟ್‌ಮೆಂಟುಗಳದ್ದು, ಕೆಳಗೆ ಕಾರ್ ನಿಲ್ಲಿಸಲು ಬರೀ ಕಂಬ, ಮೇಲೆ ಗೋಡೆ ತುಂಬಿದ ಮನೆ. 2001ರ ಜನವರಿ 26ರಂದು ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲೂ ಅಂಥವು ಬಿದ್ದವು.

ಲಿಫ್ಟ್ ಎಷ್ಟು ಬೇಕು?

ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಲಿಫ್ಟ್ ಇಲ್ಲದಿದ್ದರೆ ಗಗನಚುಂಬಿಯೇ ಇಲ್ಲ. ಎಲಿಷಾ ಓಟಿಸ್ ಅನ್ನುವವರು 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ತಾವೇ ಲಿಫ್ಟಿನ ಮೇಲೆ ನಿಂತು ಹಗ್ಗ ಕಡಿಸಿದರು. ಕೆಳಗೆ ಬೀಳದೆ ಬ್ರೇಕ್ ಹಿಡಿಯಿತು. ಅದಕ್ಕೆ ಮೊದಲು ಮೇಲಿನ ಮಹಡಿ ಬಡವರಿಗೆ, ಆಮೇಲೆ ಶ್ರೀಮಂತರಿಗೆ.

ತೊಂದರೆ ಏನೆಂದರೆ, ಎಲ್ಲ ಲಿಫ್ಟೂ ಎಲ್ಲ ಮಹಡಿಗೂ ಹೋದರೆ ಕೆಳಗಿನ ಮಹಡಿ ಪೂರ್ತಿ ಬರೀ ಲಿಫ್ಟಿನ ಬಾವಿಗಳೇ ಆಗುತ್ತವೆ. ಹಾಗಾಗಿ ಮೈಸೂರಿನಿಂದ ಮಡಿಕೇರಿಗೆ ಬಂದು ಅಲ್ಲಿಂದ ಊರಿನ ಬಸ್ ಹಿಡಿಯುವ ಹಾಗೆ ಮಾಡುತ್ತಾರೆ. ಒಂದು ಎಕ್ಸ್‌ಪ್ರೆಸ್ ಲಿಫ್ಟ್ ನೇರ ನಡುವಿನ ಸ್ಕೈ ಲಾಬಿಗೆ, ಅಲ್ಲಿಂದ ಲೋಕಲ್ ಲಿಫ್ಟ್ ನಿಮ್ಮ ಮಹಡಿಗೆ. ಹ್ಯಾನ್‌ಕಾಕ್‌ನಲ್ಲಿ 44ನೇ ಮಹಡಿ ಮನೆಯವರ ಬಸ್‌ಸ್ಟ್ಯಾಂಡು. ಉಕ್ಕಿನ ಹಗ್ಗಕ್ಕೂ ಮಿತಿ ಇದೆ, ಸುಮಾರು 500 ಮೀಟರ್ ದಾಟಿದರೆ ತನ್ನ ಭಾರವೇ ತನಗೆ ಜಾಸ್ತಿ. 2013ರಲ್ಲಿ ಕೋನೆ ಕಂಪನಿ ಕಾರ್ಬನ್ ನಾರಿನ ಹಗ್ಗ ತಂದಿತು, ಒಂದೇ ಓಟದಲ್ಲಿ ಒಂದು ಕಿಲೋಮೀಟರ್ ಹೋಗಬಹುದು ಅಂತ.

ಸಾಮಾನು ಲಿಫ್ಟ್ ಮರೆಯಬೇಡಿ. ಕಸ, ಸೋಫಾ, ಗ್ಯಾಸ್ ರಿಪೇರಿಯವರು, ಕೊನೆಗೆ ಹೆಣ ಕೂಡ ಅದರಲ್ಲೇ ಹೋಗಬೇಕು.

ನೀರು ಅಷ್ಟು ಮೇಲೆ ಹೇಗೆ ಹೋಗುತ್ತೆ? ಟಾಯ್ಲೆಟ್ ನೀರು ಅಷ್ಟು ಮೇಲಿಂದ ಬಿದ್ದರೆ ಕೆಳಗೆ ಒಡೆಯಲ್ವಾ?

ನಮ್ಮಲ್ಲಿ ಗುಡ್ಡದ ಮೇಲೊಂದು ಟ್ಯಾಂಕ್, ಕೆಳಗೆ ಪಲ್ಪರ್ ಮನೆಗೆ ಪೈಪ್, ಮೋಟರ್ ಬೇಡ. ಅಲ್ಲಿ ತಗ್ಗಿನ ನಲ್ಲಿ ತಿರುಗಿಸಿದರೆ ಮೈಮೇಲೆ ಹಾರುವುದೂ ನಿಮಗೆ ಗೊತ್ತು. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. 200 ಮೀಟರ್ ಮೇಲಿನ ಟ್ಯಾಂಕಿನಿಂದ ನೇರ ಕೆಳಗೆ ಬಿಟ್ಟರೆ 20 ಬಾರ್. ಮನೆ ನಲ್ಲಿಗೆ ಎರಡು ಮೂರು ಸಾಕು. ಹಾಗಾಗಿ ಹಂತ ಹಂತ ಮಾಡುತ್ತಾರೆ, ನಡುನಡುವೆ ಟ್ಯಾಂಕು, ಪಂಪು, ಒತ್ತಡ ತಗ್ಗಿಸುವ ವಾಲ್ವು. ಕಟ್ಟಡವನ್ನು ದೂರದಿಂದ ನೋಡಿದಾಗ ಅಲ್ಲಲ್ಲಿ ಕಿಟಕಿ ಇಲ್ಲದೆ ಜಾಲರಿ ಹಾಕಿದ ಪಟ್ಟಿ ಕಾಣುತ್ತದಲ್ಲ, ಎಷ್ಟೋ ಕಡೆ ಅದು ಇಂಥ ಯಂತ್ರಗಳ ಮಹಡಿ. ಹೋಟೆಲು ಮುಗಿದು ಮನೆ ಶುರುವಾಗುವ ಕಡೆ ಇಟ್ಟರೆ ಎರಡೂ ಕಡೆಗೆ ಅನುಕೂಲ.

ಟಾಯ್ಲೆಟ್ ನೀರು ಒಡೆಯಲ್ಲ. ಪೈಪಿನ ಗೋಡೆಗೆ ಅಂಟಿಕೊಂಡು ಇಳಿಯುತ್ತೆ, ನಡುವೆ ಗಾಳಿ. ಕೆಲವು ಮಹಡಿ ಇಳಿದ ಮೇಲೆ ವೇಗ ಒಂದೇ ಆಗುತ್ತದೆ, ಮತ್ತೆ ಏರಲ್ಲ. ನಿಜವಾದ ತಲೆನೋವು ಆ ಗಾಳಿಯದ್ದು. ದಾರಿ ಕೊಡದಿದ್ದರೆ ಕೆಳಗಿನ ಮನೆಯವರ ಕಮೋಡಿನಲ್ಲಿ ಬುಳುಬುಳು ಅನ್ನುತ್ತೆ.

ಬೆಂಕಿ ಬಿದ್ದರೆ ಅಷ್ಟು ಮೇಲಿಂದ ಇಳಿಯುವುದು ಹೇಗೆ?

ಎಲ್ಲರೂ ಇಳಿಯಬೇಕು ಅಂತ ಇಲ್ಲ. ಬೆಂಕಿಯನ್ನು ಹುಟ್ಟಿದ ಮನೆಯಲ್ಲೇ ಕಟ್ಟಿಹಾಕುವ ಹಾಗೆ ಗೋಡೆ, ಬಾಗಿಲು ಮಾಡುತ್ತಾರೆ. ಮೆಟ್ಟಿಲಿನ ಕೋಣೆಗೆ ಫ್ಯಾನಿನಿಂದ ಗಾಳಿ ತುಂಬಿ ಹೊಗೆ ಒಳಗೆ ಬರದ ಹಾಗೆ ಮಾಡುತ್ತಾರೆ. ನಮ್ಮ ಸಂಹಿತೆ ಪ್ರಕಾರ 24 ಮೀಟರ್ ದಾಟಿದ ಮೇಲೆ ಒಂದು ಆಶ್ರಯದ ಜಾಗ, ಅಲ್ಲಿಂದ ಮುಂದೆ ಪ್ರತಿ 15 ಮೀಟರ್‌ಗೆ ಇನ್ನೊಂದು. ಜನ ಅಲ್ಲಿಗೆ ಬಂದು ಕಾಯಬೇಕು. ಆ ಜಾಗದಲ್ಲಿ ಹಳೇ ಸೈಕಲ್ಲು, ಹೂಕುಂಡ, ಒಣಗಿಸಿದ ಬಟ್ಟೆ ಇಟ್ಟಿದ್ದನ್ನು ನಾನೇ ನೋಡಿದ್ದೇನೆ. ದಯವಿಟ್ಟು ಇಡಬೇಡಿ.

ಹೊರಗಿನ ಹೊದಿಕೆ ಇನ್ನೊಂದು ಅಪಾಯ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್‌ನಲ್ಲಿ ನಾಲ್ಕನೇ ಮಹಡಿಯ ಒಂದು ಫ್ರಿಜ್ಜಿನಿಂದ ಶುರುವಾದ ಬೆಂಕಿ, ಗೋಡೆಗೆ ಹೊರಗಿನಿಂದ ಅಂಟಿಸಿದ್ದ ಪ್ಲಾಸ್ಟಿಕ್ ತಿರುಳಿನ ಅಲ್ಯೂಮಿನಿಯಂ ಹಾಳೆ ಹಿಡಿದು ಮೇಲಕ್ಕೆ ಓಡಿತು. 72 ಜನ ಹೋದರು. ಒಳಗಿನ ಕಾಂಕ್ರೀಟ್ ನಿಂತೇ ಇತ್ತು. ಅಂಥ ಹಾಳೆ ನಮ್ಮ ಊರಿನ ಅಂಗಡಿಗಳ ಮುಂಭಾಗದಲ್ಲೂ ಕಾಣುತ್ತದೆ, ತಗೊಳ್ಳುವಾಗ ತಿರುಳು ಏನು ಅಂತ ಕೇಳಿ.

ಮೋಲ್ಡ್ ಹಾಕುವುದು ನಮ್ಮ ಮನೆ ತರಾನೇನಾ?

ಸೆಂಟ್ರಿಂಗ್, ಕಬ್ಬಿಣ, ಕಾಂಕ್ರೀಟ್, ಕ್ಯೂರಿಂಗ್, ಎಲ್ಲ ಅದೇ. ಮನೆಗೆ ಎಂ20 ದರ್ಜೆಯ ಕಾಂಕ್ರೀಟ್ ಹಾಕಿದರೆ ಇಲ್ಲಿ ಕೆಳಗಿನ ಕಂಬಗಳಿಗೆ ಎಂ60, ಎಂ80. ಅಂದರೆ ಮೂರು ನಾಲ್ಕು ಪಟ್ಟು ಗಟ್ಟಿ. ಬುರ್ಜ್ ಖಲೀಫಾದಲ್ಲಿ ಕಾಂಕ್ರೀಟನ್ನು 606 ಮೀಟರ್ ಎತ್ತರಕ್ಕೆ ಪಂಪ್ ಮಾಡಿದರು. ದುಬೈನ ಬಿಸಿಲಿಗೆ ಪೈಪಿನಲ್ಲೇ ಗಟ್ಟಿಯಾಗದಂತೆ ಬೇಸಿಗೆಯಲ್ಲಿ ರಾತ್ರಿ ಹಾಕುತ್ತಿದ್ದರು, ಸ್ವಲ್ಪ ನೀರಿನ ಬದಲು ಐಸ್ ಬೆರೆಸುತ್ತಿದ್ದರು.

ನಡುವಿನ ಲಿಫ್ಟ್ ಗೋಡೆಗಳು ಮೊದಲು ಏರುತ್ತವೆ. ಅಚ್ಚು ತಾನೇ ಜಾಕಿನಿಂದ ಮೇಲಕ್ಕೆ ಹತ್ತುತ್ತದೆ. ಹಿಂದೆಯೇ ಮಹಡಿಗಳು, ಸರಾಗ ಆದ ಮೇಲೆ ವಾರಕ್ಕೆ ಒಂದರಂತೆ. ಕೇಳಿದವರಿಗೆಲ್ಲ ಆಶ್ಚರ್ಯ ಆಗುವ ಒಂದು ಸಂಗತಿ: ಕಟ್ಟುತ್ತಾ ಹೋದ ಹಾಗೆ ಕೆಳಗಿನ ಕಂಬಗಳು ಗಿಡ್ಡ ಆಗುತ್ತವೆ. ಭಾರಕ್ಕೆ, ಕಾಂಕ್ರೀಟ್ ಒಣಗುವುದಕ್ಕೆ, ಎಲ್ಲ ಸೇರಿ ಎತ್ತರದ ಟವರಿನಲ್ಲಿ ಹಲವು ಸೆಂಟಿಮೀಟರ್. ಅದನ್ನು ಲೆಕ್ಕ ಹಾಕಿ ಮೊದಲೇ ಸ್ವಲ್ಪ ಎತ್ತರಕ್ಕೆ ಕಟ್ಟಬೇಕು, ಲಿಫ್ಟಿನ ಹಳಿಗೂ ಪೈಪಿಗೂ ಜರುಗಲು ಜಾಗ ಬಿಡಬೇಕು.

ಕ್ರೇನ್ ಮೇಲಿಂದ ಹೇಗೆ ಇಳಿಸುತ್ತೀರಿ?

ಮಕ್ಕಳು ತಪ್ಪದೆ ಕೇಳುವುದು ಇದು. ಏರುವಾಗ ಕಟ್ಟಡದ ಜೊತೆ ಜಾಕಿನಿಂದ ತಾನೇ ಏರುತ್ತದೆ. ಇಳಿಸುವಾಗ ದೊಡ್ಡ ಕ್ರೇನ್ ಒಂದು ಸಣ್ಣ ಕ್ರೇನನ್ನು ಮೇಲೆ ಎಳೆದುಕೊಳ್ಳುತ್ತದೆ, ಸಣ್ಣದು ದೊಡ್ಡದನ್ನು ಬಿಚ್ಚಿ ಕೆಳಗಿಳಿಸುತ್ತದೆ. ಆಮೇಲೆ ಇನ್ನೂ ಸಣ್ಣದು. ಕೊನೆಯದನ್ನು ತುಂಡು ಮಾಡಿ ಲಿಫ್ಟಿನಲ್ಲಿ ತರುತ್ತಾರೆ.

ಎಷ್ಟು ವರ್ಷ ಬೇಕು?

ಎಂಪೈರ್ ಸ್ಟೇಟ್ ಬಿಲ್ಡಿಂಗ್ 410 ದಿನದಲ್ಲಿ ಎದ್ದಿತು, 1931ರಲ್ಲಿ ತೆರೆಯಿತು. ಬುರ್ಜ್ ಖಲೀಫಾ 2004ರಲ್ಲಿ ಶುರು, 2010ರ ಜನವರಿಯಲ್ಲಿ ಉದ್ಘಾಟನೆ. ನಮ್ಮಲ್ಲಿ ಬ್ರೋಷರಿನಲ್ಲಿ ನಾಲ್ಕು ಅಂತ ಇದ್ದರೆ ಆರು ಅಂದುಕೊಳ್ಳಿ.

ಕಾಫಿ ಮಾರಿದ ದುಡ್ಡಲ್ಲಿ ಬೆಂಗಳೂರಲ್ಲಿ ಇಂಥ ಕಡೆ ಒಂದು ಫ್ಲಾಟ್ ತಗೊಳ್ಳೋಣ ಅಂತ. ಏನು ನೋಡಬೇಕು?

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇದೆಯಾ ನೋಡಿ, ಇದನ್ನು ಎಲ್ಲರೂ ಹೇಳುತ್ತಾರೆ. ಬೇರೆಯವರು ಹೇಳದ್ದು ನಾನು ಹೇಳುತ್ತೇನೆ. ನಿಮ್ಮ ಮನೆಯ ನೇರ ಕೆಳಗೆ, ನೇರ ಮೇಲೆ ಏನಿದೆ ಕೇಳಿ. ಕೆಳಗೆ ಪಂಪಿನ ಮಹಡಿ ಇದ್ದರೆ ರಾತ್ರಿ ಝುಂ ಅನ್ನುತ್ತೆ, ಮೇಲೆ ಹೋಟೆಲಿನ ಜಿಮ್ ಇದ್ದರೆ ಬೆಳಗ್ಗೆ ಐದಕ್ಕೆ ಯಾರೋ ತೂಕ ಕೆಡವುತ್ತಾರೆ. ಮನೆಯವರ ಲಿಫ್ಟ್ ಬೇರೆ ಇದೆಯಾ? ಆಫೀಸಿನ ಏಸಿ ಖರ್ಚು ನಿಮ್ಮ ಮೇಂಟೆನೆನ್ಸಿಗೆ ಬೀಳುತ್ತಾ? ಜನರೇಟರಿನ ಹೊಗೆ ಎಲ್ಲಿ ಬಿಡುತ್ತಾರೆ? ಸೇಲ್ಸ್ ಹುಡುಗನ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತೆ.

ಮಡಿಕೇರಿಯಲ್ಲಿ ಒಂದು ಕಟ್ಟಬಹುದಾ?

ಕೇಳುವವರು ನಗುತ್ತಾ ಕೇಳುತ್ತಾರೆ, ಆದರೆ ಕೇಳುತ್ತಾರೆ.

ಲೆಕ್ಕದಲ್ಲಿ ಕಟ್ಟಬಹುದು. ಹಾಂಗ್‌ಕಾಂಗ್‌ನಲ್ಲಿ ಗುಡ್ಡದ ಮೈಗೇ ಕಟ್ಟಿದ್ದಾರೆ. ಆದರೆ ಎತ್ತರಕ್ಕೆ ಹೋಗುವುದು ಜಾಗದ ಬೆಲೆ ಏರಿದಾಗ, ದಿನಕ್ಕೆ ಸಾವಿರಾರು ಜನ ಅದೇ ಜಾಗಕ್ಕೆ ಬರಬೇಕಾದಾಗ. ಮಡಿಕೇರಿಯಲ್ಲಿ ಅಷ್ಟು ಆಫೀಸು ತುಂಬುವವರು ಯಾರು? ಸಮುದ್ರ ಮಟ್ಟದಿಂದ ಸುಮಾರು 1,170 ಮೀಟರ್ ಮೇಲೆ ಆಗಲೇ ಇದ್ದೇವೆ, ನೋಟಕ್ಕೆ ಲಿಫ್ಟ್ ಬೇಡ, ರಾಜಾಸೀಟಿಗೆ ನಡೆದು ಹೋದರೆ ಆಯಿತು. ಮಳೆಗಾಲದಲ್ಲಿ ಮೂವತ್ತನೇ ಮಹಡಿಯಿಂದ ಕಾಣುವುದು ಬರೀ ಬಿಳಿ.

ನಿಜವಾದ ಅಡ್ಡಿ ಮಣ್ಣು. ನಮ್ಮ ಗುಡ್ಡದ ಮೇಲೆ ದಪ್ಪ ಮಣ್ಣಿನ ಹೊದಿಕೆ, ಮಳೆಗೆ ನೀರು ಕುಡಿದು ಭಾರ ಆಗುತ್ತೆ, ಹಿಡಿತ ಸಡಿಲ ಆಗುತ್ತೆ. ಬುಡ ಕಡಿದು ಸಮತಟ್ಟು ಮಾಡಿದರೆ ಒತ್ತು ಕೊಟ್ಟಿದ್ದದ್ದೇ ಹೋಯಿತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ಏನಾಯಿತು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಟವರ್‌ಗೆ ಪೈಲ್ ಹಾಕಿ ಕಲ್ಲಿನವರೆಗೆ ಹೋಗಬಹುದು. ಟವರ್ ನಿಲ್ಲುತ್ತದೆ. ಅದಕ್ಕೆ ರಸ್ತೆ, ಪಾರ್ಕಿಂಗ್, ನೆಲಮಾಳಿಗೆ ಅಂತ ಕಡಿದ ಬರೆ, ಅಂದರೆ ಗುಡ್ಡದ ಕಡಿದಾದ ಮೈ, ನಿಲ್ಲುತ್ತಾ? ಅದರ ಕೆಳಗಿನ ಮನೆಯವರು?

ಹಾಗಾಗಿ ಮಡಿಕೇರಿಯಲ್ಲಿ ಗಗನಚುಂಬಿ ಬಗ್ಗೆ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ, ನಿಮ್ಮ ಮನೆ ಹಿಂದಿನ ಬರೆಗೆ ಕಟ್ಟಿದ ಗೋಡೆಯಲ್ಲಿ ನೀರು ಹೊರಗೆ ಬರಲು ತೂತು ಇದೆಯಾ? ಒಂದೂವರೆ ಎರಡು ಮೀಟರಿಗೊಂದು ಪೈಪಿನ ತುಂಡು, ಹಿಂದೆ ಜಲ್ಲಿ ತುಂಬಿಸಿರಬೇಕು, ಇಷ್ಟೇ. ಮಣ್ಣಿಗಿಂತ ಅದರ ಹಿಂದೆ ಕಟ್ಟಿಕೊಂಡ ನೀರೇ ಗೋಡೆಯನ್ನು ಜಾಸ್ತಿ ದೂಡುವುದು. ನಮ್ಮ ಮನೆ ಹಿಂದಿನ ಗೋಡೆ 2018ರಲ್ಲಿ ಮಧ್ಯದಲ್ಲಿ ಹೊಟ್ಟೆ ಬಿಟ್ಟು, ಎರಡು ದಿನ ಹಾಗೇ ನಿಂತು, ಮೂರನೇ ದಿನ ಬೆಳಗ್ಗೆ ಸೌದೆ ಕೊಟ್ಟಿಗೆ ಮೇಲೆ ಕೂತಿತು. ಯಾರಿಗೂ ಏನೂ ಆಗಲಿಲ್ಲ. ಮಣ್ಣು ತೆಗೆಸುವಾಗ ತುಂಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಒಂದರಲ್ಲೂ ತೂತು ಇರಲಿಲ್ಲ. ಆ ಗೋಡೆ ಕಟ್ಟುವಾಗ ನಾನು ರಜೆಯಲ್ಲಿ ಊರಲ್ಲೇ ಇದ್ದೆ, ಕಾಫಿ ಕುಡಿಯುತ್ತಾ ನೋಡುತ್ತಿದ್ದೆ.